ಫೋಟೋ ತೆಗೆದವರು ಎಲ್ಲಿ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ಕೇಳ್ತಾ ಇದ್ದೀರೋ, ಪಾತ್ರೆ ತೊಳೀತಾ ಕೇಳ್ತಾ ಇದ್ದೀರೋ ಗೊತ್ತಿಲ್ಲ. ಕೈ ಖಾಲಿ ಇದ್ದರೆ ಒಂದು ಸಣ್ಣ ಕೆಲಸ ಮಾಡಿ. ಫೋನಿನ ಗ್ಯಾಲರಿ ತೆಗೆದು, ಹೋದ ಹಬ್ಬಕ್ಕೆ ಮನೆಯಲ್ಲಿ ತೆಗೆದ ಫೋಟೋಗಳನ್ನು ನೋಡಿ. ಸೆಲ್ಫಿ ಬಿಟ್ಟುಬಿಡಿ. ಯಾರೋ ಹೂ ಕಟ್ಟುತ್ತಿರೋದು, ಯಾರೋ ಒಬ್ಬಟ್ಟು ತಟ್ಟುತ್ತಿರೋದು, ಚಿಕ್ಕಪ್ಪ ಚಾಪೆ ಮೇಲೆ ಬಾಯಿ ಬಿಟ್ಕೊಂಡು ಮಲಗಿರೋದು, ಅಂಥವು. ಯಾರಿಗೂ ಹೇಳದೆ ಕೇಳದೆ ತೆಗೆದ ಫೋಟೋಗಳು. ಅದರಲ್ಲಿ ಮನೆಯ ಒಬ್ಬರು ಎಲ್ಲೂ ಕಾಣಲ್ಲ. ಆ ಒಬ್ಬರೇ ಅವನ್ನೆಲ್ಲ ತೆಗೆದವರು.

ನಮ್ಮ ಮನೆಯಲ್ಲಿ ಆ ಒಬ್ಬರು ದೊಡ್ಡತ್ತೆ. ಅಪ್ಪನ ದೊಡ್ಡಕ್ಕ. ಅರಸೀಕೆರೆ ಹತ್ತಿರದ ಊರಲ್ಲಿ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದರು, ಮದುವೆ ಆಗಲಿಲ್ಲ, ಊರಿನ ಹಳೇ ಮನೆಯಲ್ಲೇ ಇದ್ದಾರೆ. ಹೋದ ದೀಪಾವಳಿ ಆ ಮನೆಯಲ್ಲಿ ನಮ್ಮ ಕೊನೆಯ ದೀಪಾವಳಿ. ಮನೆ ಮಾರಿ ಪಾಲು ಮಾಡಿಕೊಳ್ಳೋದು ಅಂತ ಹಿರಿಯರು ಮಾತಾಡಿಕೊಂಡಿದ್ದರು. ಅದಕ್ಕೆ ನಾವು ಕಸಿನ್ಸ್ ಎಲ್ಲ ಸೇರಿ ಅಟ್ಟದ ಡಬ್ಬದಲ್ಲಿದ್ದ ಹಳೇ ಫೋಟೋಗಳನ್ನ ಸ್ಕ್ಯಾನ್ ಮಾಡಿ, ಹಿಂದೆ ಮ್ಯೂಸಿಕ್ ಹಾಕಿ, ಆರು ನಿಮಿಷದ ವಿಡಿಯೋ ಮಾಡಿದ್ವಿ. ರಾತ್ರಿ ಊಟ ಆದಮೇಲೆ ಟಿವಿಗೆ ಹಾಕಿದ್ವಿ. ಎಲ್ಲರೂ ನಕ್ಕರು, ಒಬ್ಬಿಬ್ಬರು ಅತ್ತರು. ವಿಡಿಯೋ ಮುಗೀತು. ನಮ್ಮ ಅಣ್ಣನ ಮಗಳು, ಆರು ವರ್ಷ, ದೊಡ್ಡತ್ತೆ ಕಡೆ ತಿರುಗಿ ಕೇಳಿದಳು: "ಅಜ್ಜಿ, ಆವಾಗ ನೀವು ಈ ಮನೇಲಿ ಇರಲಿಲ್ವಾ?"

ಯಾರೂ ಮಾತಾಡಲಿಲ್ಲ. ಯಾಕೆ ಅಂದ್ರೆ ಅದಕ್ಕೂ ಎರಡು ದಿನ ಮುಂಚೆ, ಪಾಲಿನ ಮಾತು ಬಂದಾಗ, "ಅಕ್ಕಂಗೆ ಯಾಕೆ, ಅವಳಿಗೇನು ಮಕ್ಕಳಾ ಮರಿಯಾ" ಅಂತ ಯಾರೋ ಅಂದಿದ್ದು ಎಲ್ಲರ ಕಿವಿಗೂ ಬಿದ್ದಿತ್ತು. ಕಾನೂನು ಏನು ಹೇಳುತ್ತೆ ಅನ್ನೋದು ಬೇರೆ ವಿಷಯ, ಅದರ ಮುಂದೆ ಫೋಟೋ ಲೆಕ್ಕಕ್ಕಿಲ್ಲ. ಆದರೆ ಮನೆಯವರ ತಲೆಯಲ್ಲಿ ಯಾರು ಈ ಮನೆಯವರು ಅನ್ನೋದು ಹೇಗೆ ಕೂತಿರುತ್ತೆ ಅಂದ್ರೆ, ಸ್ವಲ್ಪ ಮಟ್ಟಿಗೆ ಇಂಥ ಡಬ್ಬಗಳಿಂದಲೇ. ದೊಡ್ಡತ್ತೆ ಮಾತ್ರ ಮಗು ತಲೆ ಸವರಿ, "ಇದ್ದೆ ಪುಟ್ಟಿ, ಈ ಕಡೆ ಇದ್ದೆ" ಅಂದರು.

ನಾನು ಓದಿದ್ದು ಬಿಕಾಂ. ಮನಸ್ಸಿಗೆ ಏನಾದ್ರೂ ಚುಚ್ಚಿದ್ರೆ ನಾನು ಮೊದಲು ಮಾಡೋದು ಎಣಿಸೋದು. ಮಾರನೇ ದಿನ ಕೂತು ಡಬ್ಬ ಆಡಿಟ್ ಮಾಡಿದೆ. ಸ್ಟುಡಿಯೋ ಫೋಟೋ, ಮದುವೆ ಫೋಟೋ ಬಿಟ್ಟು, ಮನೆಯಲ್ಲೇ ತೆಗೆದದ್ದು 143. ದೊಡ್ಡತ್ತೆ ಇರೋದು ಸೊನ್ನೆ. ಅಲ್ಲ, ಒಂದರಲ್ಲಿ ಇದ್ದಾರೆ. ಅಜ್ಜಿ ಅಂಗಳದಲ್ಲಿ ಕೊಬ್ಬರಿ ಹರಡುತ್ತಿರೋ ಫೋಟೋ. ಕೆಳಗಡೆ, ಅಜ್ಜಿ ಕಾಲಿನವರೆಗೂ ಚಾಚಿಕೊಂಡು ಒಂದು ನೆರಳು. ಎರಡು ಮೊಣಕೈ ಆಚೀಚೆ ಎತ್ತಿ, ಮುಖಕ್ಕೆ ಏನೋ ಹಿಡಕೊಂಡಿರೋ ಹೆಂಗಸಿನ ನೆರಳು. ಜಡೆ ಕೂಡ ಗೊತ್ತಾಗುತ್ತೆ.

ಆ ನೆರಳು ಯಾಕೆ ಬಂತು ಅನ್ನೋದಕ್ಕೂ ಒಂದು ಚರಿತ್ರೆ ಇದೆ. ಅಲ್ಲಿಗೆ ಬರ್ತೀನಿ. ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಫೋಟೋ ತೆಗೆಯುವವರು ಫೋಟೋದೊಳಗೆ ಬರೋಕೆ ಯಾವಾಗಿಂದ ಒದ್ದಾಡ್ತಿದ್ದಾರೆ ಅಂತ ಹುಡುಕುತ್ತಾ ಹೋದ್ರೆ, ನೇರ ಮೊದಲ ವರ್ಷಕ್ಕೇ ಹೋಗಿ ನಿಲ್ತೀವಿ.

1839. ಫ್ರಾನ್ಸಿನ ಡಾಗೆರ್ ಅನ್ನೋರ ವಿಧಾನ, ಅಂದ್ರೆ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಿಸೋದು, ಆ ವರ್ಷ ಜಗತ್ತಿಗೆಲ್ಲ ಗೊತ್ತಾಯ್ತು. ಕೆಲವೇ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಅನ್ನೋ ಮೂವತ್ತರ ಆಸುಪಾಸಿನ ವ್ಯಕ್ತಿ, ಮನೆತನದ ದೀಪದ ವ್ಯಾಪಾರ ನೋಡಿಕೊಳ್ಳುತ್ತಿದ್ದವನು, ಕ್ಯಾಮೆರಾ ಇಟ್ಟು ಮುಚ್ಚಳ ತೆಗೆದು ತಾನೇ ಎದುರಿಗೆ ಬಂದ. ಆವಾಗ ಒಂದು ಕ್ಷಣದಲ್ಲಿ ಫೋಟೋ ಬೀಳ್ತಿರಲಿಲ್ಲ. ನಿಮಿಷಗಟ್ಟಲೆ ಅಲುಗಾಡದೆ ಇರಬೇಕು. ಆ ಚಿತ್ರ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಕೆದರಿದ ಕೂದಲು, ಕಟ್ಟಿದ ಕೈ. ಮಧ್ಯದಲ್ಲಿಲ್ಲ, ಒಂದು ಪಕ್ಕಕ್ಕೆ ಸರಿದಿದ್ದಾನೆ. ಮತ್ತೆ ಹೇಗಿರುತ್ತೆ? ಕ್ಯಾಮೆರಾ ಹಿಂದೆ ನಿಂತು "ಸ್ವಲ್ಪ ಬಲಗಡೆ ಬಾ" ಅನ್ನೋಕೆ ಯಾರೂ ಇರಲಿಲ್ಲ. ಇವತ್ತು ನಾವು ಟೈಮರ್ ಇಟ್ಟು ಓಡಿ ಬಂದು ಮೂಲೆಯಲ್ಲಿ ಅರ್ಧ ಕಟ್ ಆಗಿ ನಿಲ್ತೀವಲ್ಲ, ಆ ಪರಂಪರೆಯ ಮೂಲಪುರುಷ ಇವನೇ.

ಆದರೆ ಇದು ಒಬ್ಬನ ಫೋಟೋ. ಮನೆಯವರ ಜೊತೆ ತಾನೂ ಇರಬೇಕು ಅನ್ನೋ ಆಸೆ ಬೇರೆ. ಅದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ನಮ್ಮ ದೇಶದ್ದೇ, ತ್ರಿಪುರದ್ದು. ಬೀರಚಂದ್ರ ಮಾಣಿಕ್ಯ ಅಂತ ಮಹಾರಾಜರು, 1862ರಿಂದ 1896ರವರೆಗೆ ಆಳಿದವರು. ಫೋಟೋ ಹುಚ್ಚು. ಅಗರ್ತಲಾದ ಅರಮನೆಯಲ್ಲಿ ಫೋಟೋ ಪ್ರದರ್ಶನಗಳನ್ನೇ ನಡೆಸುತ್ತಿದ್ದರು. ಅವರ ರಾಣಿ ಮನಮೋಹಿನಿ ದೇವಿಗೂ ಈ ವಿದ್ಯೆ ಹೇಳಿಕೊಟ್ಟಿದ್ದರು. ನಮ್ಮ ದೇಶದ ಮೊದಲ ಮಹಿಳಾ ಛಾಯಾಗ್ರಾಹಕರ ಹೆಸರು ಹೇಳುವಾಗ ಇವರ ಹೆಸರೂ ಬರುತ್ತೆ.

ಸುಮಾರು 1880ರಲ್ಲಿ ತೆಗೆದ ಒಂದು ಫೋಟೋ ಇದೆ. ರಾಜ, ರಾಣಿ ಇಬ್ಬರೇ, ಅಂಟಿಕೊಂಡು ಕೂತಿದ್ದಾರೆ. ಕ್ಯಾಮೆರಾಗೆ ಒಂದು ಉದ್ದನೆ ತಂತಿ ಕಟ್ಟಿ, ಅದರ ಹಿಡಿ ರಾಜರ ಕೈಯಲ್ಲಿ. ಅಲ್ಲಿಂದಲೇ ಎಳೆದು ಫೋಟೋ ತೆಗೆದಿದ್ದಾರೆ. ಭಾರತದ ಮೊದಲ ಜೋಡಿ ಸೆಲ್ಫಿ ಅಂತ ಈಗ ಇದನ್ನ ಕರೀತಾರೆ. ನನಗೆ ಆ ಹೆಸರು ಅಷ್ಟು ಹಿಡಿಸಲ್ಲ. ಅದೇ ಕಾಲದ ರಾಜರಾಣಿಯರ ಬೇರೆ ಫೋಟೋ ನೋಡಿ: ಕತ್ತಿ, ಕಿರೀಟ, ಕುರ್ಚಿ, ಪಕ್ಕದಲ್ಲಿ ಮರದ ಬೊಂಬೆ ಥರ ನಿಂತ ಜನ. ಇಲ್ಲಿ ಗಂಡ ಹೆಂಡತಿ ಅಷ್ಟು ಹತ್ತಿರ ಕೂತಿದ್ದಾರೆ. ಮೂರನೆಯವನೊಬ್ಬ ಕ್ಯಾಮೆರಾ ಹಿಂದೆ ನಿಂತಿದ್ದರೆ ಹಾಗೆ ಕೂರ್ತಿದ್ದರಾ? ಅಂತಃಪುರದ ಹೆಂಗಸರ ಫೋಟೋ ತೆಗೆಯೋಕೆ ಹೊರಗಿನ ಗಂಡಸು ಬರೋದೇ ಕಷ್ಟವಾಗಿದ್ದ ಕಾಲ. ಆ ತಂತಿಯಿಂದ ರಾಜರು ಫೋಟೋದೊಳಗೆ ಬಂದರು, ಸರಿ. ಅದೇ ತಂತಿಯಿಂದ ಇನ್ನೊಬ್ಬ ಮನುಷ್ಯ ಆ ಕೋಣೆಯಲ್ಲಿ ಇರಬೇಕಾದ ಅಗತ್ಯವೂ ತಪ್ಪಿತು. ಫೋಟೋದ ಸಲಿಗೆ ಬಂದಿದ್ದು ಅಲ್ಲಿಂದ ಅಂತ ನನ್ನ ಊಹೆ.

ರಾಜರ ವಿಷಯ ಆಯ್ತು. ಸಾಮಾನ್ಯ ಮನೆಗೆ ಕ್ಯಾಮೆರಾ ಬಂದಿದ್ದು ಈಸ್ಟ್‌ಮನ್ ಅನ್ನೋರಿಂದ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮೆರಾ ತಂದರು. ಬೆಲೆ 25 ಡಾಲರ್, ಒಳಗೆ 100 ಫೋಟೋಗೆ ಆಗೋವಷ್ಟು ಫಿಲಂ. ಮುಗಿದ ಮೇಲೆ ಕ್ಯಾಮೆರಾನೇ ಕಂಪನಿಗೆ ಕಳಿಸಿದರೆ ತೊಳೆದು, ಪ್ರಿಂಟ್ ಹಾಕಿ, ಹೊಸ ಫಿಲಂ ತುಂಬಿ ವಾಪಸ್ ಕೊಡ್ತಿದ್ರು. ಗುಂಡಿ ಒತ್ತೋದಷ್ಟೇ ನಿಮ್ಮ ಕೆಲಸ ಅನ್ನೋದೇ ಅವರ ಜಾಹೀರಾತು. 1900ರಲ್ಲಿ ಬ್ರೌನಿ ಅನ್ನೋ ಡಬ್ಬ ಕ್ಯಾಮೆರಾ ಒಂದೇ ಡಾಲರ್‌ಗೆ ಬಂತು. ಇದು ಬಿಸಿನೆಸ್ ಕೇಸ್ ಸ್ಟಡಿಯಾಗಿ ನಾವು ಕಾಲೇಜಲ್ಲಿ ಓದಿದ್ದೇವೆ, ಕ್ಯಾಮೆರಾ ಅಗ್ಗಕ್ಕೆ ಮಾರಿ ಫಿಲಂನಲ್ಲಿ ದುಡ್ಡು ಮಾಡೋದು. ಆದರೆ ಕ್ಲಾಸಲ್ಲಿ ಯಾರೂ ಹೇಳದ ಒಂದು ವಿಷಯ ಇದೆ. 1890ರ ದಶಕದಿಂದಲೇ ಕೊಡಕ್ ಜಾಹೀರಾತುಗಳಲ್ಲಿ ಕ್ಯಾಮೆರಾ ಹಿಡಿದಿರೋದು ಒಬ್ಬ ಹುಡುಗಿ. ಕೊಡಕ್ ಗರ್ಲ್ ಅಂತಲೇ ಹೆಸರಾಯ್ತು. ಮನೆಯ ನೆನಪು ಕಾಪಾಡೋದು ಹೆಂಗಸರ ಕೆಲಸ ಅನ್ನೋ ಭಾವನೆಯನ್ನ ಅದು ಮಾರಿತು. ಜಾಹೀರಾತಲ್ಲಿ ಅವಳು ಎದ್ದು ಕಾಣ್ತಾಳೆ, ಆ ಚಿತ್ರ ಬರೆದವರು ಬೇರೆಯವರಾದ್ದರಿಂದ. ಅವಳೇ ತೆಗೆದ ಫೋಟೋಗಳಲ್ಲಿ ಅವಳು ಎಲ್ಲಿರುತ್ತಾಳೆ? ಹೇಳಿದ್ನಲ್ಲ, ಈ ಕಡೆ.

ಈಗ ನೆರಳಿನ ವಿಷಯ. ಈ ಡಬ್ಬ ಕ್ಯಾಮೆರಾಗಳ ಲೆನ್ಸ್ ಸಾಧಾರಣದ್ದು, ಫಿಲಂ ನಿಧಾನದ್ದು. ಬೆಳಕು ಧಾರಾಳವಾಗಿ ಬೇಕು. ಅದಕ್ಕೆ ಎಲ್ಲ ಕಂಪನಿಗಳೂ ಒಂದೇ ಬುದ್ಧಿ ಹೇಳ್ತಿದ್ರು: ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಬೆಳಿಗ್ಗೆ ಅಥವಾ ಸಂಜೆ ಹಾಗೆ ನಿಂತರೆ ನಿಮ್ಮ ನೆರಳು ಎಲ್ಲಿಗೆ ಬೀಳುತ್ತೆ? ನೇರ ಫೋಟೋದೊಳಕ್ಕೆ. ಜಗತ್ತಿನ ಯಾವ ಮೂಲೆಯ ಹಳೇ ಆಲ್ಬಂ ತೆಗೆದರೂ ಈ ನೆರಳುಗಳು ಸಿಗುತ್ತವೆ. ಕಂಪನಿಗಳ ಪ್ರಕಾರ ಅದು ತಪ್ಪು. ನನಗೆ ಈಗ ಆಲ್ಬಂ ಸಿಕ್ಕರೆ ಮೊದಲು ಕೆಳಗಡೆ ನೆಲ ನೋಡೋ ಅಭ್ಯಾಸ ಆಗಿದೆ.

ಇದೇ ಕಾರಣಕ್ಕೆ ಮನೆಯಲ್ಲಿ ತೆಗೆದ ಹಳೇ ಫೋಟೋ ಅಂದ್ರೆ ಹೆಚ್ಚಾಗಿ ಮನೆಯ ಹೊರಗೆ ತೆಗೆದದ್ದು. ಅಂಗಳ, ಜಗುಲಿ, ಹಿತ್ತಲು, ಬಾವಿಕಟ್ಟೆ. ಅಡುಗೆಮನೆಯ ಕತ್ತಲೆಯೊಳಗೆ ಫ್ಲ್ಯಾಶ್ ಇಲ್ಲದೆ ಏನೂ ಬರ್ತಿರಲಿಲ್ಲ. ನಮ್ಮ 143ರಲ್ಲಿ ಅಡುಗೆಮನೆಯ ಫೋಟೋ ಒಂದೂ ಇಲ್ಲ. ಅಜ್ಜಿ ದಿನದ ಅರ್ಧ ಕಳೆದ ಜಾಗ ಅದು.

ದೊಡ್ಡತ್ತೆ ಹತ್ತಿರ ಇದ್ದದ್ದು ಆಗ್ಫಾ ಕ್ಲಿಕ್ ತ್ರೀ. ನಿಮ್ಮ ಅಜ್ಜಂದಿರ ಮನೆ ಬೀರುವಲ್ಲಿ ಇನ್ನೂ ಇದ್ದರೂ ಇರಬಹುದು, ಕಪ್ಪಗೆ, ಉಂಡೆ ಉಂಡೆಯಾಗಿರುತ್ತೆ. ನಮ್ಮ ದೇಶದಲ್ಲೇ, ಬರೋಡಾದಲ್ಲಿ ತಯಾರಾಗ್ತಿತ್ತು. ಒಂದು ರೋಲಿಗೆ 12 ಚೌಕದ ಫೋಟೋ. ಅತ್ತೆ ಇದನ್ನ 1974ರಲ್ಲಿ, ಸ್ಟಾಫ್ ರೂಮಿನಲ್ಲಿ ಹಾಕಿದ್ದ ಚೀಟಿ ಎತ್ತಿ ತಗೊಂಡರಂತೆ. ಬೇರೆ ಟೀಚರುಗಳು ಚೀಟಿ ಎತ್ತಿ ಓಲೆ ಮಾಡಿಸಿಕೊಂಡ್ರೆ ಇವರು ಕ್ಯಾಮೆರಾ ತಂದರು ಅಂತ ಅಜ್ಜಿ ಒಂದು ವಾರ ಮಾತು ಬಿಟ್ಟಿದ್ದರಂತೆ. 12 ಫೋಟೋ ಅಂದ್ರೆ ಲೆಕ್ಕ ಹಾಕಿ. ಈಗ ನಾವು ಬೆಕ್ಕು ಆಕಳಿಸಿದ್ರೆ 12 ತೆಗೀತೀವಿ. ಅವರಿಗೆ ಒಂದು ರೋಲು ಯುಗಾದಿಯಿಂದ ಗೌರಿ ಹಬ್ಬದವರೆಗೆ ಬರಬೇಕು. ಮುಗಿದ ಮೇಲೆ ಪೇಟೆಗೆ ಹೋಗಿ ತೊಳೆಸಬೇಕು. 12ರಲ್ಲಿ ಒಂದನ್ನ ತನಗೇ ಅಂತ ಖರ್ಚು ಮಾಡೋದು ಅಂದ್ರೆ ಆ ಕಾಲದ ಹೆಣ್ಣುಮಗಳಿಗೆ ಅದು ದುಂದು.

ನೀವು ಕೇಳಬಹುದು, ಟೈಮರ್ ಇರಲಿಲ್ವಾ ಅಂತ. ಇತ್ತು. ಗಡಿಯಾರದ ಥರ ಕೀ ಕೊಟ್ಟು ಶಟರ್‌ಗೆ ಸಿಕ್ಕಿಸೋ ಸಣ್ಣ ಯಂತ್ರಗಳು ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಬಂದಿದ್ವು. 1920ರ ಹೊತ್ತಿಗೆ ಕೊಡಕ್ ಕೂಡ ಮಾರ್ತಾ ಇತ್ತು. ಅತ್ತೆಯ ಕ್ಲಿಕ್ ತ್ರೀಯಲ್ಲಿ ಅದಿರಲಿಲ್ಲ, ಸರಿ. ಆದರೆ ಇದ್ದ ಕ್ಯಾಮೆರಾಗಳಿಂದ ಏನಾಯ್ತು? ಸ್ಟೂಲ್ ಮೇಲೆ ಕ್ಯಾಮೆರಾ ಇಟ್ಟು, ಒಂದು, ಎರಡು, ಮೂರು ಅಂತ ಎಣಿಸಿ, ಅಪ್ಪ ಓಡಿ ಬಂದು ನಿಂತು, ಎಲ್ಲರೂ ಉಸಿರು ಬಿಗಿಹಿಡಿದು... ಫೋಟೋ ಬರುತ್ತೆ, ಅಪ್ಪನೂ ಬರ್ತಾರೆ. ಆದರೆ ಅಲ್ಲಿ ಹೂ ಕಟ್ಟುತ್ತಿದ್ದವರು ಹೂ ಕೆಳಗಿಟ್ಟಿರ್ತಾರೆ. ಮಲಗಿದ್ದ ಚಿಕ್ಕಪ್ಪ ಎದ್ದು ಬಟನ್ ಹಾಕಿಕೊಂಡಿರ್ತಾರೆ. ಫೋಟೋ ತೆಗೆಯುವವರು ಒಳಗೆ ಬಂದ ತಕ್ಷಣ, ಅವರು ಅಷ್ಟೊತ್ತು ನೋಡ್ತಿದ್ದ ಮನೆ ಮಾಯ.

ಈ ತೊಡಕನ್ನ ಇಡೀ ಬದುಕು ಹೊತ್ತುಕೊಂಡ ಒಬ್ಬರಿದ್ದಾರೆ. ಚಿತ್ರ ಕಲಾವಿದೆ ಅಮೃತಾ ಶೇರ್‌ಗಿಲ್ ಹೆಸರು ನೀವು ಕೇಳಿರ್ತೀರಿ. ಅವರ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್. 1870ರಲ್ಲಿ ಹುಟ್ಟಿದವರು, ಪಂಜಾಬಿನ ಮಜೀಠಿಯಾ ಜಮೀನ್ದಾರಿ ಮನೆತನ, ಸಂಸ್ಕೃತ ಮತ್ತು ಪರ್ಷಿಯನ್ ಪಂಡಿತರು. ಹೆಂಡತಿ ಹಂಗೇರಿಯವರು, ಮೇರಿ ಆಂಟೊನೆಟ್, ಸಂಗೀತಗಾರ್ತಿ. 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಅಮೃತಾ ಹುಟ್ಟಿದರು, ಮರುವರ್ಷ ತಂಗಿ ಇಂದಿರಾ. ಮೊದಲ ಮಹಾಯುದ್ಧದಿಂದ ಸಂಸಾರ ಅಲ್ಲೇ ಸಿಕ್ಕಿಹಾಕಿಕೊಂಡು, 1921ರಲ್ಲಿ ಶಿಮ್ಲಾಗೆ ಬಂತು. 1929ರಲ್ಲಿ ಮಗಳ ಓದಿಗಾಗಿ ಪ್ಯಾರಿಸ್‌ಗೆ ಹೋಯ್ತು. ಈ ಎಲ್ಲ ಮನೆಗಳಲ್ಲೂ ಉಮ್ರಾವ್ ಸಿಂಗ್ ಫೋಟೋ ತೆಗೆದರು, ದಶಕಗಟ್ಟಲೆ. ಹುಡುಗಿಯರು ಬೆಳೆಯೋದು, ವೇಷ ಹಾಕೋದು, ಹೆಂಡತಿ ಅಲಂಕಾರ ಮಾಡಿಕೊಂಡು ಕೂರೋದು. ಅವರೇನು ಸ್ಟುಡಿಯೋ ಇಟ್ಟವರಲ್ಲ. ಮನೆಯಲ್ಲಿದ್ದ ಅಪ್ಪ.

ಜೊತೆಗೆ ತಮ್ಮ ಫೋಟೋವನ್ನೂ ತಾವೇ ತೆಗೆದುಕೊಳ್ತಿದ್ದರು, ಒಂದೆರಡಲ್ಲ, ಹತ್ತಾರು. ಸ್ನಾನ ಮಾಡಿ ಉದ್ದ ಕೂದಲು ಬಿಟ್ಟುಕೊಂಡು. ಯೋಗ ಮಾಡೋ ಬರಿಮೈಯಲ್ಲಿ. ಪುಸ್ತಕಗಳ ಮಧ್ಯೆ. ಇಂಟರ್‌ನೆಟ್ಟಲ್ಲಿ ಸಿಗುತ್ತವೆ, ನೋಡಿ. ಆ ಫೋಟೋಗಳಲ್ಲಿ ಅವರ ಮುಖದಲ್ಲಿ ನಗು ಹುಡುಕಿದರೂ ಸಿಗೋದು ಕಷ್ಟ. ಹೆಂಡತಿ ಮಕ್ಕಳ ಫೋಟೋಗಳಲ್ಲಿ ಗಲಾಟೆ, ಬಟ್ಟೆ, ಆಟ. ಇವರ ಫೋಟೋಗಳಲ್ಲಿ ಇವರೊಬ್ಬರು. ಒಂದೇ ಮನೆಯ ಎರಡು ಬೇರೆ ಬೇರೆ ಖಾತೆ ಇದ್ದ ಹಾಗೆ. ಅವರಿಗೆ ತಂತ್ರ ಗೊತ್ತಿತ್ತು, ದುಡ್ಡಿತ್ತು, ಸಮಯವಿತ್ತು. ಆದರೂ ಆ ಗಲಾಟೆಯ ಮಧ್ಯೆ, ಯಾರೋ ನೋಡ್ತಿದ್ದಾರೆ ಅನ್ನೋ ಪರಿವೆಯೇ ಇಲ್ಲದೆ ಕೂತ ಅಪ್ಪನಾಗಿ ಅವರು ಸಿಗೋದು ಅಪರೂಪ. ಅದನ್ನ ಒಬ್ಬರೇ ಮಾಡಿಕೊಳ್ಳೋಕೆ ಆಗಲ್ಲ.

1941ರಲ್ಲಿ ಲಾಹೋರ್‌ನಲ್ಲಿ ಅಮೃತಾ ತೀರಿಕೊಂಡರು, ಇನ್ನೂ 28 ವರ್ಷ. ನನ್ನ ವಯಸ್ಸು. ತಂದೆ 1954ರವರೆಗೆ ಬದುಕಿದ್ದರು. ಆ ಫೋಟೋಗಳು ಮೊಮ್ಮಗನಿಗೆ ಬಂದ್ವು, ಇಂದಿರಾ ಅವರ ಮಗ, ಕಲಾವಿದ ವಿವಾನ್ ಸುಂದರಂ. 2001ರಲ್ಲಿ ಅವರು ಅಜ್ಜನ ಫೋಟೋಗಳನ್ನ ಕಂಪ್ಯೂಟರ್‌ನಲ್ಲಿ ಬೆಸೆದು 'ರೀ-ಟೇಕ್ ಆಫ್ ಅಮೃತಾ' ಅಂತ ಒಂದು ಸರಣಿ ಮಾಡಿದರು. ಬೇರೆ ಬೇರೆ ವರ್ಷ, ಬೇರೆ ಬೇರೆ ಮನೆ, ಬೇರೆ ಬೇರೆ ವಯಸ್ಸಿನ ಜನ ಒಂದೇ ಚೌಕಟ್ಟಲ್ಲಿ. ಅಜ್ಜನೂ ಹೆಂಡತಿ ಮಕ್ಕಳ ಜೊತೆಗೆ ಬಂದು ನಿಲ್ತಾರೆ. ಎಐ ಬರೋಕೆ ಎಷ್ಟೋ ವರ್ಷ ಮುಂಚೆ. ಕಲಾ ವಿಮರ್ಶಕರು ಇದರ ಬಗ್ಗೆ ದೊಡ್ಡ ದೊಡ್ಡ ಮಾತು ಬರೆದಿದ್ದಾರೆ. ನನಗೆ ಕಂಡಿದ್ದು ಒಬ್ಬ ಮೊಮ್ಮಗ ಅಟ್ಟದ ಡಬ್ಬ ತೆಗೆದುಕೊಂಡು ಕೂತಿದ್ದು.

ಮುಂದಿನದ್ದು ಬೇಗ ಹೇಳಿಬಿಡ್ತೀನಿ, ನಿಮಗೂ ಗೊತ್ತಿರೋದೇ. 1980ರ ದಶಕದಲ್ಲಿ ಜಪಾನಿನ ಮಿನೋಲ್ಟಾ ಕಂಪನಿಯ ಎಂಜಿನಿಯರ್ ಹಿರೋಶಿ ಉಯೆದಾ ಹೆಂಡತಿ ಜೊತೆ ಯೂರೋಪ್ ಪ್ರವಾಸಕ್ಕೆ ಹೋಗಿದ್ದರು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಹತ್ತಿರ ಒಬ್ಬ ಹುಡುಗನಿಗೆ ಕ್ಯಾಮೆರಾ ಕೊಟ್ಟು ನಮ್ಮಿಬ್ಬರದ್ದು ಒಂದು ತೆಗಿ ಅಂದರೆ, ಅವನು ಕ್ಯಾಮೆರಾ ಎತ್ತಿಕೊಂಡು ಓಡಿಹೋದ. ಬಂದು ಉದ್ದ ಮಾಡಬಹುದಾದ ಕೋಲು ಮಾಡಿದರು, ಕ್ಯಾಮೆರಾ ಮುಂದೆ ಪುಟ್ಟ ಕನ್ನಡಿ ಇಟ್ಟರು. ಪೇಟೆಂಟೂ ಆಯ್ತು. ಮಾರಾಟ ಆಗಲಿಲ್ಲ. 1995ರಲ್ಲಿ ಜಪಾನಿನ ಕೆಲಸಕ್ಕೆ ಬಾರದ ಆವಿಷ್ಕಾರಗಳ ಬಗ್ಗೆ ಬಂದ ಒಂದು ತಮಾಷೆ ಪುಸ್ತಕದಲ್ಲಿ ಅದಕ್ಕೂ ಜಾಗ ಸಿಕ್ಕಿತು. ಆಮೇಲೆ 1999ರಲ್ಲಿ ಜಪಾನಿನಲ್ಲೇ ಮುಂಭಾಗದ ಕ್ಯಾಮೆರಾ ಇರೋ ಮೊಬೈಲ್ ಬಂತು, 2010ರಲ್ಲಿ ಐಫೋನ್ 4ರಲ್ಲೂ ಬಂತು, 2013ರಲ್ಲಿ 'ಸೆಲ್ಫಿ' ಆಕ್ಸ್‌ಫರ್ಡ್ ನಿಘಂಟಿನವರ ವರ್ಷದ ಪದ ಆಯ್ತು. ಉಯೆದಾ ಅವರ ಕೋಲು ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೂ ಬಂತು.

ಸಮಸ್ಯೆ ಮುಗೀತಾ? ನನ್ನ ಫೋನಲ್ಲಿ ಮನೆಯ ಸೆಲ್ಫಿಗಳಿವೆ. ಮುಕ್ಕಾಲು ಭಾಗ ನನ್ನ ಮುಖ, ಹಿಂದೆ ಅಮ್ಮನ ಅರ್ಧ ಕಿವಿ. ಕೈ ಎಷ್ಟು ಉದ್ದ ಇದೆಯೋ ಅಷ್ಟೇ ಮನೆ. ಮೊದಲು ಮನೆ ಇತ್ತು, ಫೋಟೋ ತೆಗೆದವರು ಇರಲಿಲ್ಲ. ಈಗ ತೆಗೆದವರು ಇದ್ದಾರೆ, ಮನೆ ಇಲ್ಲ. ಎಲ್ಲರೂ ಹಲ್ಲು ಬಿಟ್ಕೊಂಡು ಒಂದೇ ಕಡೆ ನೋಡ್ತಿರ್ತೀವಿ.

ಇಷ್ಟೆಲ್ಲ ಓದಿಕೊಂಡು, ಅನ್ಯಾಯ ಆಗಿದೆ ಅಂತ ತಲೆಯಲ್ಲಿ ತುಂಬಿಕೊಂಡು, ಮತ್ತೆ ಊರಿಗೆ ಹೋದೆ. ಸಂಕ್ರಾಂತಿ ಹತ್ತಿರ. ದೊಡ್ಡತ್ತೆ ಜಗುಲಿ ಮೇಲೆ ಅವರೆಕಾಯಿ ಸುಲೀತಿದ್ರು. "ಅತ್ತೆ, ಅಷ್ಟು ಫೋಟೋ ತೆಗೆದಿದ್ದೀರ, ಯಾರಾದ್ರೂ ಒಬ್ಬರು ಕ್ಯಾಮೆರಾ ಇಸ್ಕೊಂಡು ನಿಮ್ಮದೊಂದು ತೆಗೀಬಾರದಿತ್ತಾ?" ಅಂದೆ. ಅವರು ಬೇಜಾರು ಮಾಡಿಕೊಳ್ಳಲೇ ಇಲ್ಲ.

"ನಿಂಗೇನೋ ಗೊತ್ತು. ಮನೇಲಿ ಶುಭಕಾರ್ಯ ಅಂದ್ರೆ ಆರತಿ ಎತ್ತೋಕೆ ಮುತ್ತೈದೆಯರನ್ನ ಕರೀತಾರೆ. ನಾನೆಲ್ಲಿ ನಿಂತ್ಕೊಳ್ಳಲಿ? ಬಂದವರೆಲ್ಲ ನಿನ್ನ ಮದುವೆ ಯಾವಾಗ, ನಿನ್ನ ಮದುವೆ ಯಾವಾಗ. ಕ್ಯಾಮೆರಾ ತಂದಮೇಲೆ ಯಾರೂ ಕೇಳಲಿಲ್ಲ ಕಣೋ. 'ಟೀಚರಮ್ಮ, ನಂದೊಂದು ತೆಗೀರಿ' ಅಂತಿದ್ರು."

ನಾನು ಕಾಳು ಬಿಡಿಸ್ತಾ ಸುಮ್ಮನೆ ಕೂತೆ. ಕ್ಯಾಮೆರಾ ಹಿಂದಿನ ಜಾಗ ಅವರಿಂದ ಕಿತ್ತುಕೊಂಡದ್ದಲ್ಲ, ಅವರೇ ಚೀಟಿ ದುಡ್ಡು ಕೊಟ್ಟು ಕೊಂಡುಕೊಂಡ ಜಾಗ. ಇದು ನನ್ನ ಆಡಿಟ್‌ನಲ್ಲಿ ಬಂದಿರಲಿಲ್ಲ. ಆದರೆ ಮಗು ಕೇಳಿದ ಪ್ರಶ್ನೆಯೂ ಸುಳ್ಳಲ್ಲ. ಎರಡೂ ಹೇಗೆ ಒಟ್ಟಿಗೆ ನಿಜ ಅನ್ನೋದನ್ನ ಇನ್ನೂ ಯೋಚಿಸ್ತಾ ಇದ್ದೀನಿ.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಕವರ್ ತಂದರು. ಅದರೊಳಗೆ ಒಂದು ಚೌಕದ ಫೋಟೋ. ಡಬ್ಬದ 143ರಲ್ಲಿ ಇಲ್ಲದ್ದು. ಚಿತ್ರ ಸೊಟ್ಟ. ಮುಕ್ಕಾಲು ಭಾಗ ಹೆಂಚು, ಆಕಾಶ. ಕೆಳಗಿನ ಮೂಲೆಯಲ್ಲಿ ಒಬ್ಬ ಹೆಂಗಸು, ಹಣೆಯಿಂದ ಭುಜದವರೆಗೆ ಅಷ್ಟೇ, ಸ್ವಲ್ಪ ಅಲುಗಾಡಿದೆ. ಬಾಯಿ ತೆರೆದಿದೆ. ಯಾರನ್ನೋ ಕೂಗಿ ಬೈತಾ ಇದ್ದಾರೆ.

"ಯಾರು ತೆಗೆದಿದ್ದು?"

"ನಿಮ್ಮಪ್ಪ. ಒಂಬತ್ತು ವರ್ಷ ಅವನಿಗೆ. ಜಗುಲಿ ಮೇಲೆ ಕ್ಯಾಮೆರಾ ಇಟ್ಟು ನೀರು ಕುಡಿಯೋಕೆ ಹೋಗಿದ್ದೆ. ಮುಟ್ಟಬೇಡ ಅಂತ ಕೂಗೋ ಅಷ್ಟರಲ್ಲಿ ಕ್ಲಿಕ್ ಅನ್ನಿಸಿಬಿಟ್ಟ. ಹನ್ನೆರಡರಲ್ಲಿ ಒಂದು ಹಾಳು. ಚೆನ್ನಾಗಿ ಬಾರಿಸಿದೆ."

ಆ ಮನೆಯಲ್ಲಿ ಅವರ ಫೋಟೋ ತೆಗೆದ ಒಬ್ಬನೇ ಒಬ್ಬನಿಗೆ ಏಟು ಬಿದ್ದಿತ್ತು, ಅದೂ ಅವರ ಕೈಯಿಂದಲೇ. ಆದರೂ ಹಾಳಾದ ಫೋಟೋ ಅಂತ ಎಸೆದಿಲ್ಲ. ಪ್ರಿಂಟ್ ಹಾಕಿಸಿದ್ದಾರೆ, ಐವತ್ತು ವರ್ಷ ಇಟ್ಟುಕೊಂಡಿದ್ದಾರೆ. ಯಾಕೆ ಅಂತ ನಾನು ಕೇಳಲಿಲ್ಲ. ಅಪ್ಪನಿಗೆ ಫೋನ್ ಮಾಡಿ ನೆನಪಿದೆಯಾ ಅಂದೆ. "ಫೋಟೋ ನೆನಪಿಲ್ಲ, ಏಟು ನೆನಪಿದೆ" ಅಂದ್ರು.

ಅವತ್ತು ಸಂಜೆ ಅಪ್ಪ ಅಮ್ಮನೂ ಊರಿಗೆ ಬಂದರು. ನಾನು ಒಂದು ಪ್ರಯೋಗ ಮಾಡಿದೆ, ನಿಮಗೂ ಉಪಯೋಗ ಆಗಬಹುದು. ಟೈಮರ್ ಇಡಲಿಲ್ಲ. ಫೋನನ್ನ ಅಡುಗೆಮನೆ ಗೂಡಿನಲ್ಲಿ ಸಾರಿನಪುಡಿ ಡಬ್ಬಕ್ಕೆ ಒರಗಿಸಿ, ಚಾರ್ಜರ್ ಹಾಕಿ, ವಿಡಿಯೋ ಆನ್ ಮಾಡಿ ಬಿಟ್ಟುಬಿಟ್ಟೆ. ಮುಂಚೆಯೇ ಎಲ್ಲರಿಗೂ ಹೇಳಿದ್ದೆ, ಕದ್ದು ತೆಗೀಬಾರದು. ಮೊದಲ ಹತ್ತು ನಿಮಿಷ ಎಲ್ಲರೂ ಟಿವಿ ನ್ಯೂಸ್ ಓದುವವರ ಥರ ಕೂತಿದ್ದರು. ಅಮ್ಮ ಎರಡು ಸಲ ಸೆರಗು ಸರಿ ಮಾಡಿಕೊಂಡರು. ಇಪ್ಪತ್ತು ನಿಮಿಷಕ್ಕೆ ಮರೆತೇಹೋಯ್ತು. ಅವರೆಕಾಳಿನ ಉಪ್ಪಿಟ್ಟಿಗೆ ಕಾಯಿ ತುರೀತಾ ಅತ್ತೆ ಮನೆ ಮಾರೋ ವಿಷಯವನ್ನ ತಾವೇ ಎತ್ತಿದರು. ನನಗೂ ಒಂದು ಪಾಲು ಬರಬೇಕು, ಬಾಯಿಬಿಟ್ಟು ಕೇಳ್ತಿದ್ದೀನಿ ಅಂದರು. ಅಪ್ಪ, "ಇದನ್ನ ಕೇಳಬೇಕಾ ಅಕ್ಕ, ನಾನು ಬರೆಸ್ತೀನಿ" ಅಂದರು. ಆಮೇಲೆ ಮಾತು ಎಲ್ಲಿಗೋ ಹೋಗಿ, ಹೋಳಿಗೆ ಕದ್ದ ಯಾವುದೋ ಕಥೆಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು.

ರಾತ್ರಿ ಒಂದು ಗಂಟೆಯ ವಿಡಿಯೋ ಎಳೆದೆಳೆದು ನೋಡಿ ಅದರಿಂದ ಮೂರು ಫ್ರೇಮ್ ತೆಗೆದೆ. ಕ್ವಾಲಿಟಿ ಅಷ್ಟಕ್ಕಷ್ಟೆ. ಒಂದರಲ್ಲಿ ಅತ್ತೆ ತುರಿಮಣೆ ಮೇಲೆ ಕೂತು ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿದ್ದಾರೆ, ಕೈಯಲ್ಲಿ ಅರ್ಧ ತೆಂಗಿನಕಾಯಿ. ಅಪ್ಪನ ತಲೆ ಮೇಲಿನಿಂದ ಕಟ್ ಆಗಿದೆ. ಅಮ್ಮ ಬೆನ್ನು ಹಾಕಿದ್ದಾರೆ. ನಾನು ಕಣ್ಣು ಮುಚ್ಚಿಕೊಂಡು ಕಾಯಿ ಚೂರು ಬಾಯಿಗೆ ಹಾಕಿಕೊಳ್ತಿದ್ದೀನಿ, ನಾನೇ ತೆಗೆದ ಫೋಟೋದಲ್ಲಿ, ನಾನು ತೆಗೀತಿದ್ದೀನಿ ಅನ್ನೋದು ಮರೆತು.

ಬೆಳಿಗ್ಗೆ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಲ್ಲಿ ದೊಡ್ಡದು ಮಾಡಿ, ತುಂಬಾ ಹೊತ್ತು ನೋಡಿದರು.

"ಇದೇನೋ, ನಿಮ್ಮಪ್ಪನ ತಲೆ ಕಟ್ ಮಾಡಿದ್ದೀಯ. ಬೆಳಕೂ ಒಂದು ಕಡೆಯಿಂದ ಬಂದಿದೆ."

"ಡಿಲೀಟ್ ಮಾಡ್ಲಾ ಅತ್ತೆ?"

"ಕೊಡ್ತೀನಿ ನೋಡು ಒಂದು. ಪ್ರಿಂಟ್ ಹಾಕಿಸು. ಆ ಪುಟ್ಟಿಗೊಂದು ಕಳಿಸು."

ಎರಡು ಪ್ರಿಂಟ್ ಹಾಕಿಸಿದೆ, ಪೋಸ್ಟ್‌ಕಾರ್ಡ್ ಸೈಜು. ಒಂದು ಪುಟ್ಟಿಗೆ ಹೋಯ್ತು. ಇನ್ನೊಂದರ ಹಿಂದೆ ಅತ್ತೆ ಟೀಚರ್ ಅಕ್ಷರದಲ್ಲಿ ತಾರೀಕು ಬರೆದು, ನಾಲ್ಕೂ ಜನರ ಹೆಸರು ಬರೆದು, ಡಬ್ಬಕ್ಕೆ ಹಾಕಿದರು. ತಮ್ಮ ಹೆಸರು ಮೊದಲು. 144.

ಸರಿ, ಮುಂದಿನ ವಾರ ಸಿಗೋಣ.